ಕಂಪ್ಯೂಟರ್‌ಗೆ ಮಾತು ಬರಿಸುವ ಮುನ್ನ: ಕಾಸು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಶಿವಮೊಗ್ಗದಲ್ಲೋ ಸಾಗರದಲ್ಲೋ ಕಂಪ್ಯೂಟರ್ ಅಂಗಡಿಗೆ ಹೋಗಿ, ಕಣ್ಣು ಕಾಣದವರಿಗೆ ಒಂದು ಲ್ಯಾಪ್‌ಟಾಪ್ ಬೇಕು ಎಂದರೆ ಎರಡರಲ್ಲಿ ಒಂದು ಉತ್ತರ ಸಿಗುವ ಸಂಭವ ಹೆಚ್ಚು. ಒಂದು, ‘ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು, ತುಂಬಾ ದುಬಾರಿ’. ಇನ್ನೊಂದು, ‘ಎಲ್ಲಾ ಫ್ರೀ ಇದೆ, ಡೌನ್‌ಲೋಡ್ ಮಾಡ್ಕೊಳ್ಳಿ’. ಎರಡೂ ಅರ್ಧ ನಿಜ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಅಂದರೆ ಸ್ಕ್ರೀನ್ ರೀಡರ್, ಪುಕ್ಕಟೆ ಸಿಗುತ್ತದೆ, ಅದು ಒಳ್ಳೆಯದೂ ಹೌದು. ಆದರೆ ಕನ್ನಡ ಓದುವವರಿಗೆ ಖರ್ಚು ಬರುವುದು ಬೇರೆ ಕಡೆ: ದನಿಗೆ, ಹಳೆಯ ಫಾಂಟಿನ ಕಡತಗಳಿಗೆ, ಕಿವಿಗೆ ಹಾಕುವ ಹೆಡ್‌ಸೆಟ್‌ಗೆ, ಕೆಟ್ಟಾಗ ಹೇಳಿಕೊಡುವವರಿಗೆ. ಆದ್ದರಿಂದ ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆಯ ಜೊತೆಗೇ ಕೈಯಲ್ಲಿರುವ ದುಡ್ಡನ್ನು ಯಾವುದಕ್ಕೆ ಹಾಕಬೇಕು ಎಂಬುದನ್ನೂ ನೋಡಬೇಕಾಗುತ್ತದೆ.

ಹೆಚ್ಚಿನವರಿಗೆ ನಮ್ಮ ಸಲಹೆ ಇಷ್ಟು. ಎನ್‌ವಿಡಿಎ ಎಂಬ ಪುಕ್ಕಟೆ ಸ್ಕ್ರೀನ್ ರೀಡರ್‌ನಿಂದ ಶುರು ಮಾಡಿ. ನೌಕರಿಯ ಜಾಗದಲ್ಲಿ ಅದರಿಂದ ಆಗದ ಕೆಲಸವೊಂದು ಎದುರಾಗುವ ತನಕ ಜಾಸ್ ಎಂಬ ದುಡ್ಡಿನ ಸ್ಕ್ರೀನ್ ರೀಡರ್‌ಗೆ ಸ್ವಂತ ದುಡ್ಡು ಹಾಕಬೇಡಿ. ಉಳಿದ ದುಡ್ಡನ್ನು ಎಸ್‌ಎಸ್‌ಡಿ (ವೇಗದ ಡಿಸ್ಕ್), ರ‍್ಯಾಮ್, ಕೀಬೋರ್ಡ್, ಹೆಡ್‌ಸೆಟ್‌ಗೆ ಹಾಕಿ. ಯಾಕೆ, ಮತ್ತು ಈ ಮಾತು ಯಾರಿಗೆ ಒಪ್ಪುವುದಿಲ್ಲ ಎಂಬುದು ಮುಂದಿದೆ.

ಎನ್‌ವಿಡಿಎ ಮತ್ತು ಜಾಸ್

ಜಾಸ್ ಹಳೆಯದು. 1989ರಲ್ಲಿ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ ಹುಟ್ಟಿ, 1995ರಲ್ಲಿ ವಿಂಡೋಸ್‌ಗೆ ಬಂತು. ಅಮೆರಿಕದಲ್ಲಿ ಅದರ ಶಾಶ್ವತ ಪರವಾನಗಿಯ ದರ ಸಾವಿರ ಡಾಲರಿನ ಆಸುಪಾಸು, ಅಂದರೆ ರೂಪಾಯಿಯಲ್ಲಿ 80 ಸಾವಿರಕ್ಕಿಂತ ಹೆಚ್ಚು. ಭಾರತದ ವಿತರಕರ ದರ ಬೇರೆ ಇರುತ್ತದೆ, ವಿದ್ಯಾರ್ಥಿಗೆ ಒಂದು, ಸಂಸ್ಥೆಗೆ ಇನ್ನೊಂದು ಎಂದೂ ಇರಬಹುದು. ಹಾಗಾಗಿ ಬಾಯಿಮಾತಿನ ದರ ನಂಬದೆ ಲಿಖಿತ ದರಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ನಾಲ್ಕು ವಿಷಯ ನೋಡಿ: ಪರವಾನಗಿ ಶಾಶ್ವತವೋ ವಾರ್ಷಿಕವೋ; ಎಷ್ಟು ಹೊಸ ಆವೃತ್ತಿಗಳು ಅದೇ ದರದಲ್ಲಿ ಸೇರಿವೆ; ಜಿಎಸ್‌ಟಿ ಒಳಗೋ ಹೊರಗೋ; ಎಷ್ಟು ಕಂಪ್ಯೂಟರ್‌ನಲ್ಲಿ ಆಕ್ಟಿವೇಟ್ ಮಾಡಬಹುದು.

ಎರಡನೆಯದನ್ನು ಬಹಳ ಜನ ಕೇಳುವುದಿಲ್ಲ. ಶಾಶ್ವತ ಪರವಾನಗಿ ಎಂದರೆ ಆ ಆವೃತ್ತಿ ನಿಮ್ಮದು ಎಂದರ್ಥ, ಮುಂದಿನದು ಅಲ್ಲ. ಜಾಸ್ ವರ್ಷಕ್ಕೊಂದು ಹೊಸ ಆವೃತ್ತಿ ಬಿಡುತ್ತದೆ. ಆಚೆ ಕ್ರೋಮ್, ಎಡ್ಜ್, ಆಫೀಸ್ ತಿಂಗಳಿಗೊಮ್ಮೆ ಬದಲಾಗುತ್ತಿರುತ್ತವೆ. ಮೂರು ವರ್ಷ ಹಳೆಯ ಜಾಸ್ ಹೊಸ ಬ್ರೌಸರ್ ಎದುರು ತಡವರಿಸುತ್ತದೆ: ಬಟನ್ ಹೆಸರು ಹೇಳುವುದಿಲ್ಲ, ಪುಟ ತೆರೆದರೂ ಸುಮ್ಮನಿರುತ್ತದೆ. ಆಗ ಅಪ್‌ಗ್ರೇಡ್‌ಗೆ ಮತ್ತೆ ದುಡ್ಡು ಬೇಕು. ಆಕ್ಟಿವೇಶನ್‌ಗೂ ಲೆಕ್ಕವಿದೆ. ಹಾರ್ಡ್ ಡಿಸ್ಕ್ ಕೆಟ್ಟು ವಿಂಡೋಸ್ ಹೊಸದಾಗಿ ಹಾಕಿದರೆ ಒಂದು ಆಕ್ಟಿವೇಶನ್ ಕೈಬಿಟ್ಟಂತೆ, ಮುಗಿದರೆ ವಿತರಕರಿಗೆ ಬರೆದು ಮತ್ತೆ ಪಡೆಯಬೇಕು. ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರ್ ಸುಟ್ಟುಕೊಳ್ಳುವ ಊರಿನವರು ಈ ಲೆಕ್ಕ ಮರೆಯುವ ಹಾಗಿಲ್ಲ.

ಎನ್‌ವಿಡಿಎ ಶುರುವಾದದ್ದು 2006ರಲ್ಲಿ, ಆಸ್ಟ್ರೇಲಿಯಾದಲ್ಲಿ. ಬರೆಯಲು ಹೊರಟ ಮೈಕೆಲ್ ಕರನ್ ಸ್ವತಃ ಕಣ್ಣು ಕಾಣದವರು. ಮುಕ್ತ ತಂತ್ರಾಂಶ, ಎಷ್ಟು ಯಂತ್ರಕ್ಕೂ ಹಾಕಬಹುದು, ಆಕ್ಟಿವೇಶನ್ ಇಲ್ಲ, ವರ್ಷಕ್ಕೆ ಹಲವು ಬಾರಿ ಹೊಸ ಆವೃತ್ತಿ ಬರುತ್ತದೆ, ಅದೂ ಉಚಿತ. ಡೌನ್‌ಲೋಡ್ ಪುಟದಲ್ಲಿ ಮೊದಲು ದೇಣಿಗೆ ಕೇಳುತ್ತದೆ. ಅದನ್ನು ನೋಡಿ ‘ಇದಕ್ಕೂ ದುಡ್ಡು ಬೇಕು’ ಎಂದು ಹಿಂದೆ ಸರಿದವರಿದ್ದಾರೆ. ಅದೇ ಪುಟದಲ್ಲಿ ದೇಣಿಗೆ ಕೊಡದೆ ಇಳಿಸಿಕೊಳ್ಳುವ ಆಯ್ಕೆಯೂ ಇದೆ.

ಹಾಗಾದರೆ ಜಾಸ್ ಯಾಕೆ ಇನ್ನೂ ಮಾರಾಟವಾಗುತ್ತಿದೆ? ದೊಡ್ಡ ಕಚೇರಿಗಳ ಒಳಗಿನ ಹಳೆಯ ಸಾಫ್ಟ್‌ವೇರ್‌ಗೆ, ದೂರದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಅಥವಾ ಸಿಟ್ರಿಕ್ಸ್ ಮೂಲಕ ಹೋಗಿ ಮಾಡುವ ಕೆಲಸಕ್ಕೆ ಅದರ ಬೆಂಬಲ ಗಟ್ಟಿ. ಹೆಸರಿಲ್ಲದ ಬಟನ್‌ಗಳಿರುವ ಪ್ರೋಗ್ರಾಂಗೆ ಜಾಸ್ ಸ್ಕ್ರಿಪ್ಟ್ ಬರೆದು ಮಾತು ಬರಿಸುವ ಪದ್ಧತಿ ದಶಕಗಳಿಂದ ಇದೆ. ಎನ್‌ವಿಡಿಎಗೂ ಪೈಥಾನ್‌ನಲ್ಲಿ ಆ್ಯಡ್‌ಆನ್ (ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂ) ಬರೆಯಬಹುದು, 2025.1 ಆವೃತ್ತಿಯಿಂದ ದೂರದ ಕಂಪ್ಯೂಟರ್ ನಡೆಸುವ ಸೌಲಭ್ಯವೂ ಒಳಗೇ ಬಂದಿದೆ. ಆದರೆ ಅದು ಎರಡೂ ತುದಿಯಲ್ಲಿ ಎನ್‌ವಿಡಿಎ ಇದ್ದರೆ ಮಾತ್ರ. ಬ್ಯಾಂಕಿನ ಸರ್ವರ್‌ನಲ್ಲಿ ಅದನ್ನು ಹಾಕಲು ಐಟಿ ವಿಭಾಗ ಒಪ್ಪುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಸರಕಾರಿ ನೌಕರರು ಜಾಸ್‌ಗೆ ಕೈಯಿಂದ ಕೊಡಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 20(2)ನೇ ಪ್ರಕರಣದ ಪ್ರಕಾರ ಸರಕಾರಿ ಸಂಸ್ಥೆ ತನ್ನ ವಿಕಲಚೇತನ ನೌಕರರಿಗೆ ಸಮಂಜಸ ಹೊಂದಾಣಿಕೆ ಮಾಡಿಕೊಡಲೇಬೇಕು. ಬೇಡಿಕೆ ಪತ್ರದಲ್ಲಿ ‘ಜಾಸ್ ಕೊಡಿಸಿ’ ಎಂದಷ್ಟೇ ಬರೆದರೆ ಕಡತ ಅಲ್ಲೇ ಕೂರುತ್ತದೆ. ಯಾವ ಪ್ರೋಗ್ರಾಂನ ಯಾವ ಪರದೆಯಲ್ಲಿ ಎನ್‌ವಿಡಿಎ ಏನು ಓದುವುದಿಲ್ಲ, ಜಾಸ್ ಏನು ಓದುತ್ತದೆ ಎಂದು ಎರಡು ಸಾಲು ಬರೆದು ಲಗತ್ತಿಸಿ. ಅದನ್ನು ಪರೀಕ್ಷಿಸಲು ಪರವಾನಗಿ ಬೇಕಿಲ್ಲ. ಪರವಾನಗಿಯ ಕೀಲಿ ಇಲ್ಲದಿದ್ದರೂ ಜಾಸ್ 40 ನಿಮಿಷ ಪೂರ್ತಿಯಾಗಿ ಕೆಲಸ ಮಾಡುತ್ತದೆ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಮತ್ತೆ 40 ನಿಮಿಷ. ಕೊಳ್ಳುವ ಮೊದಲು ಯಾರಾದರೂ ಮಾಡಲೇಬೇಕಾದ ಕೆಲಸವಿದು: ನಿಮ್ಮ ಸ್ವಂತ ಕಡತ, ಸ್ವಂತ ಜಾಲತಾಣ, ಸ್ವಂತ ಕನ್ನಡ ಪಠ್ಯ ಇಟ್ಟು ನೋಡಿ. ಮಾರುವವರು ತೋರಿಸುವ ಇಂಗ್ಲಿಷ್ ಪುಟ ಎಲ್ಲದರಲ್ಲೂ ಚೆನ್ನಾಗಿಯೇ ಓದುತ್ತದೆ.

ಕಳ್ಳಪ್ರತಿಯ ಬಗ್ಗೆ ಒಂದು ಮಾತು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುವ ಕ್ರ್ಯಾಕ್ ಮಾಡಿದ ಜಾಸ್‌ಗೆ ಅಪ್‌ಡೇಟ್ ಇರುವುದಿಲ್ಲ, ಆ್ಯಂಟಿವೈರಸ್ ಅದನ್ನು ಹಿಡಿದು ಅಳಿಸಿದರೆ ಕಂಪ್ಯೂಟರ್ ಒಮ್ಮೆಲೇ ಮೂಕವಾಗುತ್ತದೆ. ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವ ಪ್ರತಿ ಕೀಲಿಯನ್ನೂ ಕೇಳಿಸಿಕೊಳ್ಳುವ ಸಾಫ್ಟ್‌ವೇರ್ ಅದು. ಯಾರು ತಿದ್ದಿದ್ದೋ ಗೊತ್ತಿಲ್ಲದ ಪ್ರತಿಗೆ ಅಂಥ ಜಾಗ ಕೊಡುವುದು ಬೇಡ, ಪುಕ್ಕಟೆ ಎನ್‌ವಿಡಿಎ ಇರುವಾಗ ಅದರ ಅಗತ್ಯವೂ ಇಲ್ಲ.

ದುಡ್ಡು ಕೊಟ್ಟದ್ದು ಉಳಿದೇ ಉಳಿಯುತ್ತದೆ ಎಂದೂ ಇಲ್ಲ. ವಿಂಡೋ-ಐಸ್ ಎಂಬ ಸ್ಕ್ರೀನ್ ರೀಡರ್ ವರ್ಷಾನುಗಟ್ಟಲೆ ಜಾಸ್‌ನ ಎದುರಾಳಿಯಾಗಿತ್ತು. ಅದರ ಕಂಪನಿ ಜಾಸ್‌ನ ಒಡೆಯರ ಕೈಗೇ ಹೋಗಿ, 2017ರಲ್ಲಿ ಮಾರಾಟ ನಿಂತಿತು.

ಉಳಿದ ಆಯ್ಕೆಗಳು

ನರೇಟರ್ ಎಂಬ ಸ್ಕ್ರೀನ್ ರೀಡರ್ ವಿಂಡೋಸ್ ಜೊತೆಗೇ ಬರುತ್ತದೆ. ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ಮಾತಾಡುತ್ತದೆ. ಹೊಸ ಯಂತ್ರ ಅಣಿ ಮಾಡಲು, ಎನ್‌ವಿಡಿಎ ಹಾಕಲು, ಎನ್‌ವಿಡಿಎ ಕೆಟ್ಟಾಗ ಸರಿಪಡಿಸಲು ಇದನ್ನು ಕಲಿತಿರಲೇಬೇಕು. ದಿನವಿಡೀ ಕನ್ನಡ ಓದಲು ಮಾತ್ರ ಸಾಲದು. ವಿಂಡೋಸ್ 10ರ ದನಿಗಳಲ್ಲಿ ಹಿಂದಿ, ತಮಿಳು ಇವೆ, ಕನ್ನಡ ಇಲ್ಲ.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ನಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಉಬುಂಟು ಎಂಬ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಆದ ಮೇಲೆ ಸೂಪರ್, ಆಲ್ಟ್, ಎಸ್ ಒತ್ತಿದರೆ ಓರ್ಕಾ ಮಾತಾಡಿಸಿಕೊಂಡೇ ಇನ್‌ಸ್ಟಾಲ್ ಮಾಡಬಹುದು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಕ್ಕೆ ಇದು ಮರುಜೀವ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಪ್ರಶ್ನೆ ಹಲವರಿಗೆ ಬಂದಿದೆ. ಬರವಣಿಗೆ, ಮೇಲ್, ಬ್ರೌಸಿಂಗ್ ನಡೆಯುತ್ತದೆ. ಆದರೆ ಲಿನಕ್ಸ್ ಮತ್ತು ಓರ್ಕಾ ಎರಡೂ ಗೊತ್ತಿರುವವರು ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಎಷ್ಟು ಮಂದಿ ಸಿಕ್ಕಾರು? ಮನೆಯಲ್ಲಿ ಲಿನಕ್ಸ್ ಬಲ್ಲ ಮಗನೋ ಮಗಳೋ ಇದ್ದರೆ ಹೂಂ ಅನ್ನಿ, ಇಲ್ಲದಿದ್ದರೆ ಬೇಡ. ಇನ್ನೂ ವಿಂಡೋಸ್ 7 ಇದ್ದರೆ ಎನ್‌ವಿಡಿಎಯ 2023.3.4 ಆವೃತ್ತಿಯೇ ಕೊನೆಯದು. ಹೊಸದನ್ನು ಹಾಕಲು ಹೊರಟು ‘ಆಗುತ್ತಿಲ್ಲ’ ಎನ್ನುವವರ ತೊಂದರೆ ಇದೇ.

ಆಪಲ್ ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಒಳಗೇ ಇದೆ, ಕಮಾಂಡ್ ಮತ್ತು ಎಫ್5 ಒತ್ತಿದರೆ ಸಾಕು. 2022ರ ವೆಂಚುರಾ ಆವೃತ್ತಿಯಿಂದ ಸೌಮ್ಯ ಎಂಬ ಕನ್ನಡ ದನಿಯೂ ಬಂದಿದೆ. ಯಂತ್ರದ ಬೆಲೆ ಲಕ್ಷದ ಆಸುಪಾಸು ಹೋಗುತ್ತದೆ, ರಿಪೇರಿಗೆ ಬೆಂಗಳೂರಿನ ದಾರಿ ಹಿಡಿಯಬೇಕಾಗಬಹುದು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ.

ದೃಷ್ಟಿ ಸ್ವಲ್ಪ ಉಳಿದಿರುವವರು ಮೊದಲು ವಿಂಡೋಸ್‌ನ ಮ್ಯಾಗ್ನಿಫೈಯರ್ ನೋಡಲಿ. ವಿಂಡೋಸ್ ಕೀಲಿ ಮತ್ತು ಪ್ಲಸ್ ಒತ್ತಿದರೆ ದೊಡ್ಡದಾಗುತ್ತದೆ, ವಿಂಡೋಸ್ ಕೀಲಿ ಮತ್ತು ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ. ಝೂಮ್‌ಟೆಕ್ಸ್ಟ್‌ನಂಥ ದುಡ್ಡಿನ ಸಾಫ್ಟ್‌ವೇರ್‌ನಲ್ಲಿ ಅಕ್ಷರದ ಅಂಚು ಒಡೆಯದೆ ದೊಡ್ಡದಾಗುವುದು, ಬಣ್ಣದ ಹೊಂದಾಣಿಕೆ ಇವೆಲ್ಲ ಹೆಚ್ಚು. ಆದರೆ ಗ್ಲಾಕೋಮಾ ಅಥವಾ ರೆಟಿನಾದ ತೊಂದರೆಯಿಂದ ದೃಷ್ಟಿ ಕ್ರಮೇಣ ಇಳಿಯುತ್ತಿರುವವರು ಹಿಗ್ಗಿಸುವ ಸಾಫ್ಟ್‌ವೇರ್‌ಗೆ ದೊಡ್ಡ ಮೊತ್ತ ಹಾಕುವ ಬದಲು ಈಗಲೇ ಕೀಬೋರ್ಡ್ ಮತ್ತು ಎನ್‌ವಿಡಿಎ ಕಲಿಯುವುದು ಜಾಣತನ. ಸ್ವಲ್ಪ ಕಾಣುತ್ತಿರುವಾಗ ಕಲಿತರೆ ಅರ್ಧ ಕಷ್ಟ.

ಕನ್ನಡದ ದನಿ

ಕೊಳ್ಳುವವರು ಎಡವುವುದು ಇಲ್ಲೇ. ಸ್ಕ್ರೀನ್ ರೀಡರ್ ಬೇರೆ, ದನಿ ಬೇರೆ. ಸ್ಕ್ರೀನ್ ರೀಡರ್ ಪರದೆಯ ಮೇಲೇನಿದೆ ಎಂದು ಪತ್ತೆ ಮಾಡಿ ಪಠ್ಯವನ್ನು ಕೊಡುತ್ತದೆ, ಅದನ್ನು ಉಚ್ಚರಿಸುವುದು ದನಿ.

ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ದನಿಯಲ್ಲಿ ಕನ್ನಡವಿದೆ. ಮೊದಲ ದಿನ ಕೇಳಿದವರಿಗೆ ಅದು ಕನ್ನಡ ಎಂದೇ ಅನಿಸುವುದಿಲ್ಲ, ಡಬ್ಬಿಯೊಳಗಿಂದ ಬಂದ ಮಾತಿನಂತಿರುತ್ತದೆ. ಎರಡು ವಾರ ಕೇಳಿದರೆ ಕಿವಿ ಒಗ್ಗುತ್ತದೆ. ಇದರ ಬಲವೆಂದರೆ ವೇಗ. ಕೀಲಿ ಒತ್ತಿದ ಕೂಡಲೇ ಮಾತು ಬರುತ್ತದೆ, ವೇಗ ಎಷ್ಟು ಏರಿಸಿದರೂ ಅಕ್ಷರ ನುಂಗುವುದಿಲ್ಲ, ಇಂಟರ್‌ನೆಟ್ ಬೇಕಿಲ್ಲ. ನಡುವೆ ಬರುವ ಇಂಗ್ಲಿಷ್ ಅಕ್ಷರದ ಪದಗಳನ್ನು ಇಂಗ್ಲಿಷ್ ನಿಯಮದಲ್ಲೇ ಓದುತ್ತದೆ.

ಕೇಳಲು ಹಿತವಾದ ದನಿ ಬೇಕೆಂದರೆ ದಾರಿ ಎರಡು. ಒಂದು ದುಡ್ಡಿನದು. ವೋಕಲೈಸರ್ ದನಿಗಳಲ್ಲಿ ಅಲ್ಪನಾ ಎಂಬ ಕನ್ನಡ ದನಿಯಿದೆ, ಎನ್‌ವಿಡಿಎಗೆ ಆ್ಯಡ್‌ಆನ್ ಆಗಿ ಮಾರುವ ಕಂಪನಿಗಳಿವೆ. ಪ್ರಯೋಗದ ಅವಧಿಯಲ್ಲಿ ಕೇಳಿ ನೋಡಿ ಕೊಳ್ಳಿ. ದಿನಕ್ಕೆ ನಾಲ್ಕು ತಾಸು ಕನ್ನಡ ಓದುವವರಿಗೆ, ಉದಾಹರಣೆಗೆ ಕನ್ನಡ ಎಂ.ಎ. ಓದುತ್ತಿರುವವರಿಗೆ, ಜಾಸ್‌ಗಿಂತ ಈ ಖರ್ಚು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಪುಕ್ಕಟೆ. ಎಡ್ಜ್ ಬ್ರೌಸರ್‌ನ ಗಟ್ಟಿಯಾಗಿ ಓದುವ ಸೌಲಭ್ಯದಲ್ಲಿ ಸಪ್ನಾ, ಗಗನ್ ಎಂಬ ಕನ್ನಡ ದನಿಗಳಿವೆ, ಮನುಷ್ಯರ ಮಾತಿಗೆ ಬಹಳ ಹತ್ತಿರ. ಆದರೆ ಆ ದನಿ ಹುಟ್ಟುವುದು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ. ಆಗುಂಬೆ ಕಡೆ ಜುಲೈಯಲ್ಲಿ ನೆಟ್‌ವರ್ಕ್ ಹೋದರೆ ದನಿಯೂ ಹೋಯಿತು. ಲೇಖನ ಓದಲು ಸರಿ, ಕಂಪ್ಯೂಟರ್ ನಡೆಸಲು ಆಗದು.

ಎರಡನ್ನೂ ಬೆರೆಸುವ ಒಂದು ಉಪಾಯ ಎನ್‌ವಿಡಿಎಯೊಳಗೇ ಇದೆ. ಮೆನು, ಬಟನ್‌ಗಳಿಗೆ ಇಂಗ್ಲಿಷ್ ದನಿ, ಉದ್ದಕ್ಕೆ ಓದುವಾಗ ಮಾತ್ರ ಕನ್ನಡ ದನಿ. ಮಾಡುವ ಕ್ರಮ: ಇನ್ಸರ್ಟ್, ಕಂಟ್ರೋಲ್, ಪಿ ಒತ್ತಿದರೆ ಕಾನ್ಫಿಗರೇಶನ್ ಪ್ರೊಫೈಲ್‌ಗಳ ಕಿಟಕಿ ತೆರೆಯುತ್ತದೆ. ಹೊಸದು ಎಂಬುದನ್ನು ಒತ್ತಿ, ‘ಸೇ ಆಲ್’ (ಉದ್ದಕ್ಕೆ ಓದಿಸುವುದು) ವೇಳೆ ಬಳಸುವ ಪ್ರೊಫೈಲ್ ಆರಿಸಿ. ಅದು ಚಾಲ್ತಿಯಲ್ಲಿರುವಾಗ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ, ಬಂದ ಸ್ಪೀಚ್ ಕಿಟಕಿಯಲ್ಲಿ ದನಿಯನ್ನು ಕನ್ನಡಕ್ಕೆ ಬದಲಾಯಿಸಿ ಉಳಿಸಿ. ಇನ್ನು ಇನ್ಸರ್ಟ್ ಮತ್ತು ಕೆಳಬಾಣ ಒತ್ತಿ ಓದಿಸಿದಾಗ ಕನ್ನಡ, ನಿಲ್ಲಿಸಿದಾಗ ಮತ್ತೆ ಇಂಗ್ಲಿಷ್. ಭಾಷೆ ತಾನಾಗಿ ಬದಲಾಗುವ ಆಯ್ಕೆಯೂ ಇದೆ, ಆದರೆ ಪುಟ ಮಾಡಿದವರು ಭಾಷೆಯ ಗುರುತು ಹಾಕಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಎಷ್ಟೋ ಕನ್ನಡ ಪುಟಗಳಲ್ಲಿ ಆ ಗುರುತು ಇರುವುದಿಲ್ಲ, ಇದ್ದರೂ ಇಂಗ್ಲಿಷ್ ಎಂದಿರುತ್ತದೆ.

ಎನ್‌ವಿಡಿಎಯ ಮೆನುಗಳನ್ನೂ ಕನ್ನಡ ಮಾಡಿಕೊಳ್ಳಬಹುದು. ಮಾಡಬೇಡಿ ಎಂಬುದು ನಮ್ಮ ಅಭಿಪ್ರಾಯ. ಫೋನಿನಲ್ಲಿ ಸಹಾಯ ಹೇಳುವವರು ‘ಪ್ರಿಫರೆನ್ಸಸ್‌ಗೆ ಹೋಗಿ’ ಎನ್ನುತ್ತಾರೆ, ನಿಮ್ಮ ಯಂತ್ರ ಬೇರೇನೋ ಹೇಳುತ್ತಿರುತ್ತದೆ.

ನುಡಿ ಫಾಂಟು, ಸ್ಕ್ಯಾನ್ ಮಾಡಿದ ಆದೇಶ, ಮತ್ತು ಸೊನ್ನೆ

ಯಾವ ಬೆಲೆಯ ಸ್ಕ್ರೀನ್ ರೀಡರ್ ತಂದರೂ ಬಗೆಹರಿಯದ ತೊಂದರೆ ಇದು. ‘ದುಬಾರಿಯದು ತಂದರೆ ಸರಿಯಾಗುತ್ತದೆ’ ಎಂದು ಇದಕ್ಕಾಗಿಯೇ ದುಡ್ಡು ಕಳೆದುಕೊಳ್ಳುವುದೂ ಉಂಟು.

ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಲ್ಲಿ ಕನ್ನಡದ ಚಿತ್ರ ಮಾತ್ರ ಇದೆ, ಕನ್ನಡ ಇಲ್ಲ. ಕಣ್ಣಿಗೆ ‘ಕನ್ನಡ’ ಎಂದು ಕಾಣುವುದರ ಒಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಇನ್ನೊಂದು ಎ ಇವೆ. ಸ್ಕ್ರೀನ್ ರೀಡರ್ ಇರುವುದನ್ನೇ ಓದುತ್ತದೆ. ಪರಿಹಾರ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ಪರಿವರ್ತನೆ: ಪಠ್ಯವನ್ನೆಲ್ಲ ಕಂಟ್ರೋಲ್ ಎ, ಕಂಟ್ರೋಲ್ ಸಿ ಮಾಡಿ ಪರಿವರ್ತಕಕ್ಕೆ ಅಂಟಿಸಿ. ಪುಕ್ಕಟೆ ಪರಿವರ್ತಕಗಳು ಅಂತರ್ಜಾಲದಲ್ಲಿವೆ, ನುಡಿ ಮತ್ತು ಬರಹದೊಳಗೂ ಇವೆ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕೆಟ್ಟು ಹೋಗಬಹುದು, ಯಾಕೆಂದರೆ ಪರಿವರ್ತಕಕ್ಕೆ ಅವೂ ಕನ್ನಡದ ತುಂಡುಗಳಂತೆಯೇ ಕಾಣುತ್ತವೆ.

ಪಿಡಿಎಫ್ ಬಂದರೆ ಮೊದಲು ಜಾತಿ ಗುರುತಿಸಿ. ತೆರೆದಾಗ ಖಾಲಿ ಎಂದರೆ ಅಥವಾ ಸ್ಕ್ಯಾನ್ ಚಿತ್ರ ಎಂದು ಎಚ್ಚರಿಸಿದರೆ ಅದು ಫೋಟೋ. ಅಸಂಬದ್ಧ ಇಂಗ್ಲಿಷ್ ಓದಿದರೆ ಆಸ್ಕಿ ಫಾಂಟ್. ಕನ್ನಡ ಓದುತ್ತಿದ್ದು ಒತ್ತಕ್ಷರ, ಗುಣಿತ ಹಿಂದುಮುಂದಾಗಿದ್ದರೆ ಯೂನಿಕೋಡೇ, ಆದರೆ ಪಿಡಿಎಫ್ ಮಾಡುವಾಗ ಕ್ರಮ ಕೆಟ್ಟಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ಸಾಫ್ಟ್‌ವೇರ್, ಬೇಕು. ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಆರ್ ಒತ್ತಿದರೆ ನಡೆಯುವುದು ವಿಂಡೋಸ್‌ನ ಓಸಿಆರ್, ಅದಕ್ಕೆ ಕನ್ನಡ ಬಾರದು. ಕಡತವನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ ಎಂದರೆ ಕನ್ನಡವೂ ಬರುತ್ತದೆ, ದುಡ್ಡಿಲ್ಲ. ನೆಟ್ ಇಲ್ಲದ ಕಡೆ ಟೆಸರಾಕ್ಟ್ ಎಂಬ ಓಸಿಆರ್ ಇದೆ, ಅದೂ ಉಚಿತ, ಕನ್ನಡದ ದತ್ತಾಂಶವನ್ನು ಸೇರಿಸಿಕೊಳ್ಳಬೇಕು. 300 ಡಿಪಿಐಗಿಂತ ಕಡಿಮೆ ಸ್ಪಷ್ಟತೆಯ ಸ್ಕ್ಯಾನ್ ಕೊಟ್ಟರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಕಚೇರಿ, ಶಾಲೆಗಳಿಗೆ ದುಬಾರಿ ಓಸಿಆರ್ ಸಾಫ್ಟ್‌ವೇರ್ ಮಾರಲು ಬಂದವರಿಗೆ ಒಂದೇ ಪ್ರಶ್ನೆ ಕೇಳಿ: ಕನ್ನಡ ಓದುತ್ತದೆಯೇ, ಈಗಲೇ ಈ ಹಾಳೆ ಓದಿಸಿ ತೋರಿಸಿ.

ಅಂಕಿಗಳ ಮೇಲೆ ನಂಬಿಕೆ ಇಡಬೇಡಿ. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದೇ ಥರ ಕಾಣುತ್ತವೆ. ಓಸಿಆರ್ ಅದನ್ನು ಅದಲುಬದಲು ಮಾಡುತ್ತದೆ. ಟೈಪ್ ಮಾಡುವವರೂ ಮಾಡುತ್ತಾರೆ. ‘ಕಂಬಳ’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆ ಒತ್ತಿದ್ದರೆ ‘ಕ, ಸೊನ್ನೆ, ಬಳ’ ಎಂದು ಕೇಳುತ್ತದೆ. ಕಣ್ಣು ಕಾಣುವವರಿಗೆ ಈ ತಪ್ಪು ತಿಳಿಯುವುದೇ ಇಲ್ಲ. ಹಣದ ಮೊತ್ತ, ಸರ್ವೆ ನಂಬರ್ ಇರುವ ಕಡೆ ಬಾಣದ ಕೀಲಿಯಿಂದ ಒಂದೊಂದೇ ಅಕ್ಷರ ಕೇಳಿ ಖಚಿತಪಡಿಸಿಕೊಳ್ಳಿ.

ಅಡಿಕೆ ಧಾರಣೆಯ ಪಟ್ಟಿ ಇದಕ್ಕೆ ಒಳ್ಳೆಯ ಪರೀಕ್ಷೆ. ಜಾಲತಾಣದಲ್ಲಿ ನಿಜವಾದ ಕೋಷ್ಟಕವಾಗಿದ್ದರೆ ಎನ್‌ವಿಡಿಎಯಲ್ಲಿ ಟಿ ಒತ್ತಿ ಕೋಷ್ಟಕಕ್ಕೆ ಹೋಗಿ, ಕಂಟ್ರೋಲ್, ಆಲ್ಟ್ ಮತ್ತು ಬಾಣದಿಂದ ಚೌಕದಿಂದ ಚೌಕಕ್ಕೆ ಸರಿದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಸಾಲಾಗಿ ಕನಿಷ್ಠ, ಗರಿಷ್ಠ ದರ ಹೇಳುತ್ತದೆ. ಅದೇ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದರೆ ಓಸಿಆರ್ ಮಾಡಿದರೂ ಯಾವ ದರ ಯಾವ ಜಾತಿಯದು ಎಂಬುದು ಕಲಸುಮೇಲೋಗರ. ಧಾರಣೆ ಹಾಕುವವರಿಗೆ ಅಕ್ಷರದಲ್ಲೇ ಹಾಕಿ ಎಂದು ಹೇಳುವುದಕ್ಕೆ ಕಾಸು ಖರ್ಚಿಲ್ಲ.

ಉಳಿದ ದುಡ್ಡು ಎಲ್ಲಿಗೆ

ಮೊದಲು ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್. 4 ಜಿಬಿ, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಕೀಲಿ ಒತ್ತಿದ ಮೇಲೆ ಮಾತು ಬರಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಕಾಣುವವರು ಆಗ ಪರದೆ ನೋಡುತ್ತಾ ಕಾಯುತ್ತಾರೆ. ಕಾಣದವರು ಕೀಲಿ ತಾಗಲಿಲ್ಲವೇನೋ ಎಂದು ಮತ್ತೆ ಒತ್ತುತ್ತಾರೆ, ಎರಡು ಸಲ ಒತ್ತಿದಂತಾಗಿ ಬೇರೆಲ್ಲೋ ಹೋಗಿಬಿಡುತ್ತದೆ. ‘ಎನ್‌ವಿಡಿಎ ಸರಿಯಿಲ್ಲ, ಜಾಸ್ ತರಿಸಬೇಕು’ ಎಂಬ ದೂರುಗಳಲ್ಲಿ ಬಹುಪಾಲು ಇಂಥ ಯಂತ್ರದವು. ಜಾಸ್ ಹಾಕಿದರೆ ಅದು ಇನ್ನಷ್ಟು ಭಾರ.

ನಂಬರ್ ಪ್ಯಾಡ್ ಇರುವ ಪೂರ್ಣ ಅಳತೆಯ ಕೀಬೋರ್ಡ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಎನ್‌ವಿಡಿಎಯಲ್ಲೂ ಜಾಸ್‌ನಲ್ಲೂ ಪರದೆಯನ್ನು ತಡಕುವ ಆಜ್ಞೆಗಳು ಆ ಪ್ಯಾಡ್‌ನಲ್ಲಿವೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಉಬ್ಬುಗೆರೆ ಬೆರಳಿಗೆ ಸಿಗಬೇಕು, ಎಫ್4, ಎಫ್8ರ ನಂತರ ಸಂದು ಇರಬೇಕು. ಅಂಗಡಿಯಲ್ಲಿ ಕೈಯಾಡಿಸಿ ನೋಡಿಯೇ ಕೊಳ್ಳಿ. ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡುವವರು ಎನ್‌ವಿಡಿಎಯನ್ನು ಲ್ಯಾಪ್‌ಟಾಪ್ ವಿನ್ಯಾಸಕ್ಕೆ ಬದಲಾಯಿಸಿ, ಇನ್ಸರ್ಟ್ ಬದಲು ಕ್ಯಾಪ್ಸ್‌ಲಾಕ್ ಬಳಸಬೇಕು. ಇದನ್ನು ಮಾಡದೆ, ಪುಸ್ತಕದಲ್ಲಿರುವ ಆಜ್ಞೆ ಕೆಲಸ ಮಾಡುತ್ತಿಲ್ಲ ಎಂದು ಕೂರಬೇಡಿ.

ಹೆಡ್‌ಸೆಟ್ ವೈರಿನದೇ ಇರಲಿ. ಬ್ಲೂಟೂತ್ ಹೆಡ್‌ಸೆಟ್‌ಗಳು ಸದ್ದಿಲ್ಲದಾಗ ನಿದ್ದೆಗೆ ಜಾರುತ್ತವೆ, ಮಾತು ಶುರುವಾದಾಗ ಮೊದಲ ಅಕ್ಷರ ನುಂಗುತ್ತವೆ. ಕನ್ನಡದಲ್ಲಿ ಅದು ಸಣ್ಣ ತಪ್ಪಲ್ಲ: ‘ಅಸಿಂಧು’ ಎಂದು ಬಂದದ್ದು ‘ಸಿಂಧು’ ಎಂದು ಕೇಳುತ್ತದೆ, ‘ಅಸಮ್ಮತಿ’ ‘ಸಮ್ಮತಿ’ಯಾಗುತ್ತದೆ. ಇರುವುದು ಬ್ಲೂಟೂತೇ ಆದರೆ ಎನ್‌ವಿಡಿಎಯ ಆಡಿಯೋ ಸೆಟ್ಟಿಂಗ್‌ನಲ್ಲಿ ಮಾತಿನ ನಂತರ ಸಾಧನವನ್ನು ಎಚ್ಚರವಾಗಿಡುವ ಸಮಯವನ್ನು ಹೆಚ್ಚಿಸಿ. ಮಲೆನಾಡಿನಲ್ಲಿ ಇನ್ನೊಂದು: ಕಿವಿಯ ಸ್ಪಂಜು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಸ್ಪಂಜು ಬಿಚ್ಚಿ ಬದಲಾಯಿಸಲು ಬರುವಂಥದ್ದನ್ನು ನೋಡಿ ಕೊಳ್ಳಿ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬಿಟ್ಟು ಕೊಳ್ಳಲೇಬೇಡಿ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಅದಕ್ಕಿಂತ ಮೇಲು. ಕರೆಂಟ್ ಹೋದಾಗ ಕಾಣುವವರಿಗೆ ಪರದೆ ಕಪ್ಪಾದದ್ದು ಕಾಣುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಕಂಪ್ಯೂಟರ್ ಸತ್ತಿತೋ, ಮಾತು ಮಾತ್ರ ನಿಂತಿತೋ ತಿಳಿಯುವುದಿಲ್ಲ. ಮಾತು ಮಾತ್ರ ನಿಂತಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಮತ್ತೆ ಶುರುವಾಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಗುರುತು ತೆಗೆದುಹಾಕಿದ್ದರೆ ಈ ಕೀಲಿ ಕೆಲಸ ಮಾಡದು, ಅದನ್ನು ಹಾಗೇ ಬಿಡಿ. ಸೈನ್-ಇನ್ ಪರದೆಯಲ್ಲೂ ಬಳಸು ಎಂಬ ಗುರುತನ್ನೂ ತೆಗೆಯಬೇಡಿ, ಇಲ್ಲದಿದ್ದರೆ ಪಾಸ್‌ವರ್ಡ್ ಹಾಕುವಲ್ಲೇ ಮೌನ.

ಯಾರಿಗೆ ಯಾವುದು

ಪಿಯುಸಿ, ಪದವಿ ವಿದ್ಯಾರ್ಥಿಗೆ ಎನ್‌ವಿಡಿಎ ಸಾಕು. ದುಡ್ಡು ಯಂತ್ರಕ್ಕೆ ಹೋಗಲಿ. ಪುಸ್ತಕಕ್ಕೆ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ, ಮುದ್ರಣ ಓದಲಾಗದವರು ಅದರ ಸದಸ್ಯರಾಗಬಹುದು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆಯಿದೆ. ಅರ್ಜಿ ಕರೆದಾಗ ತಿಳಿಯಬೇಕೆಂದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳುತ್ತಿರಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ, ಅದಕ್ಕೆ ಶಿವಮೊಗ್ಗದ ಮೆಗ್ಗಾನ್‌ನಂಥ ಸರಕಾರಿ ಆಸ್ಪತ್ರೆಯ ವೈದ್ಯರ ತಪಾಸಣೆ ಬೇಕು. ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಯೋಜನೆಯ ಲ್ಯಾಪ್‌ಟಾಪ್ ಕೈಗೆ ಬಂದ ದಿನವೇ ಅದರಲ್ಲಿ ದುಡ್ಡಿನ ಸಾಫ್ಟ್‌ವೇರ್ ಇದ್ದರೆ ಪರವಾನಗಿಯ ಕೀಲಿಯನ್ನು ಬರೆದುಕೊಳ್ಳಿ, ಅದು ಎಂದಿನವರೆಗೆ ಎಂದು ಕೇಳಿ, ಜೊತೆಗೆ ಎನ್‌ವಿಡಿಎಯನ್ನೂ ಹಾಕಿಡಿ. ಎರಡೂ ಒಂದೇ ಯಂತ್ರದಲ್ಲಿರಬಹುದು, ಏಕಕಾಲಕ್ಕೆ ಮಾತ್ರ ನಡೆಸಬಾರದು. ಎರಡೂ ಮಾತಾಡಿದರೆ ಯಾವುದೂ ತಿಳಿಯದು, ಕೀಲಿಗಳಿಗೂ ಕಿತ್ತಾಟ.

ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೋ ಶಾಲೆಗೋ ಐದು ಯಂತ್ರ ಸಿದ್ಧ ಮಾಡುವವರಿಗೆ ಜಾಸ್ ಎಂದರೆ ಐದು ಪರವಾನಗಿ. ಎನ್‌ವಿಡಿಎ ಐದಕ್ಕೂ ಅದೇ ಕಡತ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಆ ಹಣದಿಂದ ಹೆಡ್‌ಸೆಟ್, ಕೀಬೋರ್ಡ್, ಸ್ಕ್ಯಾನರ್ ಕೇಳಿ. ಬಳಸುವವರು ಯಾರ ಯಂತ್ರದಲ್ಲಾದರೂ ಕೂರುವಂತಾಗಲು ಪೆನ್‌ಡ್ರೈವ್‌ನಲ್ಲಿ ಪೋರ್ಟಬಲ್ ಪ್ರತಿ (ಇನ್‌ಸ್ಟಾಲ್ ಮಾಡದೆಯೇ ನಡೆಯುವಂಥದ್ದು) ಇಟ್ಟುಕೊಳ್ಳಲಿ: ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಅದನ್ನು ಮಾಡುವ ಆಯ್ಕೆಯಿದೆ, ನಿಮ್ಮ ದನಿ, ವೇಗ ಎಲ್ಲವೂ ಜೊತೆಗೆ ಬರುತ್ತದೆ. ಅಡ್ಮಿನ್ ಅನುಮತಿ ಕೇಳುವ ಪರದೆಯಲ್ಲಿ ಮತ್ತು ಸೈನ್-ಇನ್‌ನಲ್ಲಿ ಮಾತ್ರ ಪೋರ್ಟಬಲ್ ಪ್ರತಿ ಬಾಯಿ ಬಿಡುವುದಿಲ್ಲ.

ವಯಸ್ಸಾದ ಮೇಲೆ ದೃಷ್ಟಿ ಹೋದ ತೋಟದ ಯಜಮಾನರಿಗೋ ಅಜ್ಜಿಗೋ ಕಂಪ್ಯೂಟರೇ ಬೇಕೆಂದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇದೆ, ಬಹಳಷ್ಟು ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್ ಮೂರು ಸೆಕೆಂಡು ಒತ್ತಿ ಹಿಡಿದರೆ ಶುರುವಾಗುತ್ತದೆ. ಗೂಗಲ್‌ನ ಕನ್ನಡ ದನಿ ಇಸ್ಪೀಕ್‌ಗಿಂತ ಎಷ್ಟೋ ಹಿತ. ಆ ದನಿಯ ಕಡತವನ್ನು ಪೇಟೆಯಲ್ಲಿ ವೈಫೈ ಇರುವಾಗಲೇ ಇಳಿಸಿಡಿ: ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್-ಟು-ಸ್ಪೀಚ್ ಹುಡುಕಿ, ವಾಯ್ಸ್ ಡೇಟಾ ಎಂಬಲ್ಲಿ ಕನ್ನಡ. ಆಮೇಲೆ ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಫೋನು ಓದುತ್ತದೆ. ಎಷ್ಟೋ ಅನುಭವಿಗಳೂ ಇದನ್ನೇ ಮಾಡುತ್ತಾರೆ: ಬರೆಯುವುದು ಕಂಪ್ಯೂಟರ್‌ನಲ್ಲಿ, ಕನ್ನಡ ಓದುವುದು ಫೋನಿನಲ್ಲಿ.

ಬ್ಯಾಂಕ್, ರೈಲ್ವೆ, ಖಾಸಗಿ ಕಚೇರಿಗೆ ಸೇರುತ್ತಿರುವವರು ಸೇರುವ ಮೊದಲೇ ಜಾಸ್ ಕೊಳ್ಳುವ ಅವಸರ ಮಾಡಬೇಡಿ. ಅಲ್ಲಿನ ಪ್ರೋಗ್ರಾಂ ಯಾವುದು ಎಂದು ತಿಳಿದು, ಮೊದಲ ವಾರ 40 ನಿಮಿಷದ ಜಾಸ್‌ನಲ್ಲೂ ಎನ್‌ವಿಡಿಎಯಲ್ಲೂ ಅದೇ ಕೆಲಸ ಮಾಡಿ ನೋಡಿ. ಜಾಸ್ ಬೇಕೇ ಬೇಕೆಂದಾದರೆ ಆಗ ಪರವಾನಗಿ ಸಂಸ್ಥೆಯ ಹೆಸರಿನಲ್ಲಿ ಬರಲಿ, ವರ್ಗಾವಣೆಯಾದಾಗ ಅದು ನಿಮ್ಮ ಜೊತೆ ಬರುತ್ತದೆಯೇ ಎಂಬುದನ್ನು ಪತ್ರದಲ್ಲೇ ಬರೆಸಿಕೊಳ್ಳಿ.